ಕಾರಣ ಹೇಳದ ಸರ್ವರ್

ಔರಾದದ ಸಪನಾ ಆ ಬುಧವಾರ ಬೆಳಗ್ಗೆಯಿಂದ ಹದಿನಾಲ್ಕು ಸಲ ಪುಶ್ ಮಾಡಿದ್ದಳು. ಬರೆದ ಕೋಡನ್ನು ಆಫೀಸಿನ ಸರ್ವರಿಗೆ ಏರಿಸುವುದಕ್ಕೆ ಹಾಗೆನ್ನುತ್ತಾರೆ. ಹದಿನಾಲ್ಕು ಸಲವೂ ‘ರಿಜೆಕ್ಟೆಡ್’ ಎಂಬ ಒಂದೇ ಕೆಂಪು ಮಾತು ಬಂತು, ಯಾಕೆಂಬುದಿಲ್ಲ. ತಪ್ಪು ಹೇಳಿದರೆ ತಿದ್ದಬಹುದು, ಬಾಯಿಯೇ ಬಿಡದಿದ್ದರೆ ಏಗುವುದು ಹೇಗೆ?

ಬೀದರಿನ ಆ ಸಣ್ಣ ಆಫೀಸು ಬೇಳೆ ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಸಪನಾಳ ಮೂರು ತಿಂಗಳ ಟ್ರೇನಿಂಗು ಅಂದಿಗೆ ಮುಗಿಯುತ್ತಿತ್ತು. ಐದು ಗಂಟೆಯೊಳಗೆ ಕೆಲಸ ಸರ್ವರಿಗೆ ಏರಿಸಿದರೆ ನೌಕರಿ ಕಾಯಂ ಎಂದು ಮಾಲಕರೇ ಹೇಳಿದ್ದರು. ಊರಲ್ಲಿ ಅವ್ವ ಅನುಸೂಯಾಬಾಯಿ ಓಣಿಗೆಲ್ಲ ಆಗಲೇ ಸುದ್ದಿ ಹಂಚಿದ್ದಳು.

ಮಾಲಕರನ್ನು ಕೇಳಿದಳು. ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

“ಚಾ ಕುಡಿಯವ್ವಾ. ಆಗ್ತದ, ಆಗ್ತದ.”

ಆ ಆಫೀಸಿನಲ್ಲಿ ಯಾರೂ ಯಾರ ಮುಖಕ್ಕೂ ‘ಇಲ್ಲ’ ಎಂದವರಲ್ಲ. ಎಂಥ ಕೆಟ್ಟ ಸುದ್ದಿಯನ್ನೂ ಚಹಾ ಕುಡಿಸಿ ಸಾಗಹಾಕುವ ಮರ್ಯಾದಸ್ಥರು. ಇಂಥ ಮರ್ಯಾದೆಗಿಷ್ಟು ಬೆಂಕಿ ಹಾಕ.

ಹಿರಿಯ ಸಹೋದ್ಯೋಗಿ ಶಿವಕಾಂತ ರಜೆ ಹಾಕಿ ಭಾಲ್ಕಿಯ ಮನೆಗೆ ಹೋಗಿದ್ದ; ಫೋನ್ ಎತ್ತಲಿಲ್ಲ. ಮೊದಲ ದಿನದಿಂದ ‘ತಂಗಿ’ ಎಂದು ಕರೆದು, ಅವಳ ಬುತ್ತಿಯ ರೊಟ್ಟಿ ತಿಂದು ಕೆಲಸ ಕಲಿಸಿದವನು. ಬಂದ ಕೋಡನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಸರ್ವರಿನಲ್ಲಿ ತಪಾಸಣೆ ಮಾಡುವ ಫೈಲು ಬರೆದವನೂ ಅವನೇ. ಅದರ ಪಾಸ್‌ವರ್ಡ್ ಅವಳಿಗೂ ಕೊಟ್ಟಿದ್ದ. ನಾಲ್ಕು ಗಂಟೆಗೆ ಸಪನಾ ಅದನ್ನು ತೆರೆದು ಸಾಲುಸಾಲಾಗಿ ಓದಿದಳು. ಕಡೆಗೂ ಸಿಕ್ಕಿತು: ಕಾರಣ ತಿಳಿಸುವ ಸಂದೇಶಗಳನ್ನೆಲ್ಲ ಯಾರಿಗೂ ಕಾಣದಂತೆ ಎಸೆದುಬಿಡುವ ಒಂದು ಸಾಲು. ನಿನ್ನೆ ಸಂಜೆಯಷ್ಟೇ ಸೇರಿಸಿದ್ದು. ಅವಳಿಗೆ ಖುಷಿಯೇ ಆಯಿತು, ಪಾಪ. ಆ ಸಾಲು ಅಳಿಸಿ ಮತ್ತೆ ಪುಶ್ ಮಾಡಿದಳು.

ಈ ಸಲ ಕಾರಣ ಬಂತು. ಸಪನಾ ಎಂಬವರು ಸಿಬ್ಬಂದಿಯ ಪಟ್ಟಿಯಲ್ಲಿಲ್ಲ.

ನಿನ್ನೆ ಮಧ್ಯಾಹ್ನದವರೆಗೆ ಇದ್ದಳು. ಪಟ್ಟಿಯನ್ನೇ ತೆರೆದು ನೋಡಿದಳು, ಅವಳ ಹೆಸರಿರಲಿಲ್ಲ. ಹೆಸರು ತೆಗೆದದ್ದು ಗೊತ್ತಾಯಿತೆಂದು ಶಿವಕಾಂತನಿಗೆ ಮೆಸೇಜ್ ಹಾಕಿದಳು. ಈಗ ಅವನೇ ಫೋನ್ ಮಾಡಿದ.

“ಮಾಲಕ್ರ ಸಡ್ಡಕನ ಮಗಾ ಬರ್ತಾನಂತ ತಂಗಿ. ನಿನ್ನ ಹೆಸ್ರು ತೆಗಿ ಅಂದ್ರು. ನೀ ಅದನ್ನ ಮಷಿನ್ ಮ್ಯಾಲ ಓದಬಾರ್ದು ಅಂತ ಮೆಸೇಜ್ ಬಂದ್ ಮಾಡ್ದೆ. ನಿನ್ನ ರೊಟ್ಟಿ ತಿಂದೀನಿ, ಬಾಯಿಲೆ ಹ್ಯಾಂಗ ಹೇಳ್ಲಿ?”

“ಹಂಗಾದ್ರ ಯಾರ್ ಹೇಳೋರಿದ್ರಿ ಅಣ್ಣಾ?”

ಅಷ್ಟಂದು ಸಪನಾ ಫೋನ್ ಇಟ್ಟಳು.

ಪಟ್ಟಿ ಎದುರಿಗೇ ತೆರೆದಿತ್ತು. ಒಂದು ಸಾಲು ಸೇರಿಸಿದರೆ ಪುಶ್ ಆಗುತ್ತದೆ, ನೌಕರಿ ಆಗುವುದಿಲ್ಲ. ಫೈಲು ಮುಚ್ಚಿ ಚೀಲ ಹೆಗಲಿಗೇರಿಸಿದಳು. ಮಾಲಕರ ಕುರ್ಚಿ ಖಾಲಿಯಿತ್ತು.

ಔರಾದದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಜನವಾಡ ದಾಟುವಷ್ಟರಲ್ಲಿ ಅವ್ವನ ಫೋನು.

“ಕಾಯಂ ಆಯ್ತೇನ್ ಸಪನಾ?”

ಸುತ್ತ ನಿಂತವರೆಲ್ಲ ಊರವರೇ. ಕಿವಿ ಇತ್ತಲೇ ಇಟ್ಟಿದ್ದರು. ಅಳುವಂತಿಲ್ಲ, ಇಳಿಯುವಂತಿಲ್ಲ.

“ಕಾಗದ ಬರೋದದ ಅವ್ವಾ,” ಎಂದಳು ಸಪನಾ. “ಇನ್ನೆಂಟು ದಿನ ಹಿಡೀತದಂತ.”