ಆರರ ಬಸ್ಸಿಗೊಂದು ಸಾಲು

ಶಾಸಕಿಗೆ ಪೆನ್ನು ಕೊಟ್ಟವನು ನಾನೇ ಅನಿಸುತ್ತದೆ. ಆದರೆ ಇದನ್ನು ಹೇಳಿ ಹೇಳಿ ನನ್ನನ್ನೇ ಕಥೆಯೊಳಗೆ ಸೇರಿಸಿಕೊಂಡಿದ್ದೇನೋ ಏನೋ. ಮತ್ತೆ ಚುನಾವಣೆಗೆ ನಿಂತಿರುವ ನಮ್ಮ ಶಾಸಕಿ ಅಂದು ಸಂಜೆ ಕರೂರಿನ ಬಸ್ ನಿಲ್ದಾಣದಲ್ಲಿ ತಮ್ಮ ಕೆಲಸಗಳ ಪುಸ್ತಿಕೆ ಹಂಚುತ್ತಿದ್ದರು. ಹೆಣ್ಣುಮಕ್ಕಳ ಹಾಸ್ಟೆಲ್, ಗ್ರಂಥಾಲಯ, ಎಲ್ಲ ಕೇರಿಗೂ ಒಂದೇ ನೀರಿನ ಟ್ಯಾಂಕು. ಸಿರುಗುಪ್ಪದ ರೈಸ್ ಮಿಲ್ಲಿನಿಂದ ಬಂದಿಳಿದ ಹುಲಿಗೆವ್ವ ಆ ಪುಸ್ತಿಕೆಯನ್ನು ಅಲ್ಲೇ ನಿಂತಿದ್ದ ನನ್ನಿಂದ ಕೊನೆಯವರೆಗೂ ಓದಿಸಿ, ನೇರ ಶಾಸಕಿಯ ಬಳಿ ಹೋದಳು.

"ಮುಂಜಾನಿ ಆರರ ಬಸ್ಸು ಇದರಾಗ ಇಲ್ಲಲ್ರಿ ಅಕ್ಕಾರ. ನಮ್ಮೂರಿಗೆ ನೀವ ಬಿಡಿಸಿದ್ದು."

ಶಾಸಕಿ ನಕ್ಕರು. "ಡಿಪೋಕ್ಕ ಒಂದು ಫೋನ್ ಮಾಡಿದ್ದೆ, ಅಷ್ಟ. ಅದನ್ನೇನು ಅಚ್ಚು ಹಾಕಿಸೋದು?"

"ಬರದು ಕೊಡ್ರಿ. ನಾಳೆ ಬ್ಯಾರೆಯವರು ಬಂದು ಬಸ್ಸು ನಿಲ್ಲಿಸಿದ್ರ ನನ್ನ ಮಿಲ್ಲಿನ ಕೆಲಸಾನೂ ಹೋತು. ತೋರಸಾಕ ಒಂದು ಕಾಗದ ಇರಬೇಕಲ್ಲ."

"ಏನಬೇ, ಅಕ್ಕಾರು ಸೋಲ್ತಾರಂತ ಈಗ್ಲೇ ಹೇಳಾಕತ್ತಿಯಲ್ಲ" ಎಂದು ಜೊತೆಗಿದ್ದ ಕಾರ್ಯಕರ್ತ ಗದರಿದ.

"ನನ್ನ ಓಟು ಅಕ್ಕಾರಿಗೇ ಐತಿ. ಊರಿಂದು ನನಗೇನು ಗೊತ್ತು?"

ಶಾಸಕಿಯ ನಗು ನಿಂತಿತು. ಕೊನೆಯ ಪುಟದ ಅಂಚಿನಲ್ಲಿ ಬಸ್ಸಿನ ಬಗ್ಗೆ ಒಂದು ಸಾಲು ಬರೆದು ಸಹಿ ಹಾಕಿದರು. ಹುಲಿಗೆವ್ವ ಅದನ್ನು ಖಾಲಿ ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

ಮತದಾನ ಇನ್ನೂ ಆಗಿಲ್ಲ. ಬಸ್ಸು ಈಗಲೂ ಆರಕ್ಕೆ ಬರುತ್ತಿದೆ. ಆ ಒಂದು ಸಾಲಿಗೆ ಬಸ್ಸನ್ನು ಉಳಿಸುವ ಬಲ ಇದೆಯೇ ಎಂದು ಹುಲಿಗೆವ್ವ ನನ್ನನ್ನು ಕೇಳಲಿಲ್ಲ.