ತಲೆದಿಂಬಿನ ಜಾಗದಲ್ಲಿ ಮಗಳು

ಪ್ರಚಾರ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಕುಂಚ ಹಿಡಿದವರನ್ನು ಓಣಿಯವರೆಲ್ಲ ಪೋಸ್ಟರ್ ಮಾಸ್ತರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಸದಾ ಬಣ್ಣ.

ಒಮ್ಮೆ ದೇಶದ ನಾಯಕರು ಮಗುವನ್ನು ಎತ್ತಿಕೊಂಡ ಚಿತ್ರ ಬೇಕೆಂದು ಆಜ್ಞೆಯಾಯಿತು. ನಾಯಕರಿಗೆ ಮಕ್ಕಳ ಗದ್ದಲ ಆಗದು. ಹಾಗಾಗಿ ತಲೆದಿಂಬೊಂದನ್ನು ಎತ್ತಿಕೊಂಡು ಫೋಟೊ ತೆಗೆಸಿ ಕಳಿಸಿದರು. ಮಾಸ್ತರು ದಿಂಬಿನ ಜಾಗದಲ್ಲಿ ತಮ್ಮ ಆರು ವರ್ಷದ ಮಗಳನ್ನು ಬರೆದರು.

ಮೇಲಧಿಕಾರಿ ಕನ್ನಡಕ ಏರಿಸಿ ನೋಡಿದರು. “ಏನ್ರೀ ಇದು, ಮುಂದಿನ ಹಲ್ಲೇ ಇಲ್ಲ!”

“ಹಾಲುಹಲ್ಲು ಸಾರ್, ಹೋದ ವಾರ ಬಿತ್ತು.”

“ನಾಯಕರ ಆಳ್ವಿಕೇಲಿ ಹಲ್ಲು ಬೀಳುತ್ತೇನ್ರೀ? ತುಂಬಿಸಿ. ಮಗು ಅವರ ಮುಖಾನೇ ನೋಡ್ತಿರಬೇಕು. ಕೈಗೊಂದು ಬಿಳಿ ಹೂ ಕೊಡಿ. ಹಿಂದೆ ಸೂರ್ಯ ಹುಟ್ಟಲಿ.”

“ಸೂರ್ಯ ಹಿಂದಿದ್ರೆ ಮುಖ ಕಪ್ಪಾಗುತ್ತಲ್ಲ ಸಾರ್?”

“ಬೆಳಕು ಬರೋದೇ ಅವರ ಮುಖದಿಂದ ಕಣ್ರೀ. ಬರೀರಿ, ಸುಮ್ನೆ.”

ಚಿತ್ರ ಊರಿನ ಗೋಡೆಗಳನ್ನೆಲ್ಲ ತುಂಬಿತು. ಅಪ್ಪನ ಜೊತೆ ಶಾಲೆಯಿಂದ ಬರುವಾಗ ಮಗಳು ಅದರ ಮುಂದೆ ನಿಂತೇಬಿಟ್ಟಳು. “ಅಪ್ಪಾ, ಈ ತಾತ ಯಾರು? ನೀನು ಒಂದಿನಾನೂ ನನ್ನ ಹಿಂಗೆ ಎತ್ಕೊಂಡಿಲ್ಲ.” ಮಾಸ್ತರು ಅವಳನ್ನು ಮನೆಯವರೆಗೂ ಎತ್ತಿಕೊಂಡೇ ನಡೆದರು. ಎರಡು ದಿನ ಸೊಂಟ ಹಿಡಿದುಕೊಂಡಿತ್ತು.

ನಾಲ್ಕು ವರ್ಷಕ್ಕೆ ನಾಯಕರು ದೇಶ ಬಿಟ್ಟು ಓಡಿಹೋದರು. ಹೊಸಬರು ಬಂದರು. “ಮಗು ಚೆನ್ನಾಗಿದೆ, ಇರಲಿ. ತಲೆ ಮಾತ್ರ ಬದಲಾಯಿಸಿ,” ಎಂದರು ಅದೇ ಮೇಲಧಿಕಾರಿ. ಮಾಸ್ತರು ತಲೆ ಬದಲಾಯಿಸಿದರು. ಹಳಬರ ಉದ್ದ ಬೆರಳುಗಳು ಹಾಗೇ ಉಳಿದವು. ಮೊಂಡುಬೆರಳಿನ ಹೊಸ ನಾಯಕರು ಚಿತ್ರ ನೋಡಿ, “ನನ್ನ ಕೈ ಎಷ್ಟು ನೈಜವಾಗಿ ಬಂದಿದೆ!” ಎಂದು ಹಿಗ್ಗಿದರಂತೆ.

ಗೋಡೆಯ ಮಗುವಿಗೆ ವಯಸ್ಸಾಗಲಿಲ್ಲ. ಮನೆಯ ಮಗಳಿಗೆ ಹತ್ತೊಂಬತ್ತಾಯಿತು. ಶಿಕ್ಷಕಿಯ ತರಬೇತಿಗೆ ಸೇರಿದಳು. ಮಕ್ಕಳ ಶಾಲೆಯೊಂದರ ಚಾವಣಿ ಕುಸಿದಾಗ, ದುರಸ್ತಿ ಮಾಡಿಸಿ ಎಂದು ಗೆಳತಿಯರೊಡನೆ ರಸ್ತೆಗಿಳಿದಳು. ಪೊಲೀಸರು ಎಳೆದೊಯ್ದರು.

ಮಾಸ್ತರು ಬಿದ್ದಂಬೀಳ ಠಾಣೆಗೆ ಓಡಿದರು. ಇನ್‌ಸ್ಪೆಕ್ಟರ್ ತನ್ನ ಕುರ್ಚಿಯ ಹಿಂದಿನ ಗೋಡೆ ತೋರಿಸಿದ. “ಆ ಮಗು ನೋಡ್ರೀ, ಎಷ್ಟು ವಿಧೇಯ! ಮಗಳು ಅಂದ್ರೆ ಹಂಗಿರ್ಬೇಕು. ನೀವೂ ಬೆಳೆಸಿದ್ದೀರಿ ಒಬ್ಬಳನ್ನ!”

“ಅದನ್ನೂ ಬೆಳೆಸಿದ್ದು ನಾನೇ ಸ್ವಾಮಿ. ಇವಳೇ ಅದು.”

ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದು ನಕ್ಕ. ಇಂಥ ತಮಾಷೆಯ ಮನುಷ್ಯನ ಮಗಳು ಅಪಾಯಕಾರಿಯಾಗಿರಲಾರಳು ಎಂದು ಸಹಿ ಹಾಕಿಸಿಕೊಂಡು ಬಿಟ್ಟುಕಳಿಸಿದ.

ಮರುದಿನವೇ ಮಾಸ್ತರು ರಾಜೀನಾಮೆ ಕೊಟ್ಟರು. ಈಗ ಬಸ್ಸುಗಳ ಬೋರ್ಡು ಬರೆಯುತ್ತಾರೆ. ಅಂಕಿ ತಪ್ಪಿದರೆ ಪ್ರಯಾಣಿಕರು ನಿಂತಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಇಲಾಖೆಯಲ್ಲಿ ಬೆರಳೇ ತಪ್ಪಿದ್ದರೂ ಯಾರೂ ಕೇಳಿರಲಿಲ್ಲ. ಹಾಗೆ ಬೈಸಿಕೊಂಡ ದಿನ ಅವರು ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನು ಖುಷಿಯಿಂದಲೇ ವರ್ಣಿಸುತ್ತಾರೆ.