ಹಾಲಿನ ಗೋಡೆಗೆ ಎರಡು ಹಸಿರು

ನಾನು ಪಿರಿಯಾಪಟ್ಟಣದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಾಗಾಗಿ ಬಣ್ಣದ ವಿಷಯದಲ್ಲಿ ಮನೆಯಲ್ಲಿ ನನ್ನದೇ ಕೊನೆಯ ಮಾತು ಎಂದು ಬಹಳ ಕಾಲ ನಂಬಿದ್ದೆ. ಮನೆಯವರಿಗೆ ಇದು ಗೊತ್ತಿರಲಿಲ್ಲ.

ಹೋದ ವರ್ಷ ಮನೆಯ ಹಾಲಿಗೆ ಹಸಿರು ಬಳಿಸೋಣ ಎಂದು ನಾನೂ ನನ್ನ ಹೆಂಡತಿಯೂ ಒಪ್ಪಿದೆವು. ಯಾವ ಹಸಿರು ಎಂಬಲ್ಲಿಗೆ ಒಪ್ಪಿಗೆ ಮುಗಿಯಿತು. ಹುಣಸೂರಿನಿಂದ ಎರಡು ಸಣ್ಣ ಡಬ್ಬಿ ತಂದು, ಪೇಂಟರ್ ಕೈಲಿ ಗೋಡೆಯ ಮೇಲೆ ಅಕ್ಕಪಕ್ಕ ಎರಡು ಪಟ್ಟಿ ಬಳಿಸಿದೆ. ಒಂದು ತುಸು ನೀಲಿ ಬೆರೆತದ್ದು, ಇನ್ನೊಂದು ಹಳದಿಯ ಕಡೆ ವಾಲಿದ್ದು.

"ಈ ನೀಲಿ ಕಡೇದು ಕೂಲ್ ಕಲರ್. ಕಣ್ಣಿಗೆ ತಂಪು, ಮನಸ್ಸಿಗೆ ಶಾಂತಿ" ಎಂದು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುವ ದನಿಯಲ್ಲಿ ಹೇಳಿದೆ.

ನನ್ನ ಹೆಂಡತಿ ರಾವಂದೂರಿನ ಕಡೆಯವಳು, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಎರಡೂ ಪಟ್ಟಿಯನ್ನು ಒಂದೇ ಸಲ ನೋಡಿದಳು. "ಇದಿನ್ನೂ ಎಳೆ ಸೊಪ್ಪು ಕಣ್ರೀ. ಅದು ನೋಡಿ, ಹಳದಿ ತಿರುಗ್ತಾ ಅದೆ, ಮುರಿಯೋಕೆ ಬಂದದೆ. ಅದನ್ನೇ ಬಳಿಸಿ."

"ಗೋಡೆನೇನು ಹೊಗೆಸೊಪ್ಪಿನ ಥರ ಬ್ಯಾರನ್‌ನಲ್ಲಿಟ್ಟು ಬೇಯಿಸ್ತೀಯಾ?" ಎಂದು ನಕ್ಕೆ.

"ಅಮ್ಮಾವ್ರು ಹೇಳ್ತಿರೋದೇ ಸರಿ ಅನ್ಸುತ್ತೆ ಮೇಷ್ಟ್ರೇ" ಅಂದ ಪೇಂಟರ್. ಮೂವತ್ತು ವರ್ಷದಿಂದ ಗೋಡೆ ಬಳಿಯುತ್ತಿದ್ದವನಿಗೆ ಬಣ್ಣವೆಂದರೇನೆಂದು ಹತ್ತು ನಿಮಿಷ ವಿವರಿಸಿದೆ. ಪಾಪ, ಬ್ರಷ್ ಒಣಗುವವರೆಗೂ ಕೇಳಿಸಿಕೊಂಡ. ನೀಲಿ ಬೆರೆತ ಹಸಿರೇ ಗೆದ್ದಿತು.

ಸಂಜೆ ಟ್ಯೂಬ್‌ಲೈಟ್ ಹಾಕಿದೆವು. ಹಾಲು ಆಪರೇಷನ್ ಥಿಯೇಟರಿನಂತೆ ಹೊಳೆಯಿತು. ಹೆಂಡತಿ ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿ ಅಡುಗೆಮನೆಗೆ ಹೋದಳು. ಅದೇ ನನಗೆ ಭಯ.

ಮೊದಲು ಬಂದವನು ಭಾಮೈದ. ಆ ಬೆಳಕಿನಲ್ಲಿ ಸೋಫಾದ ಮೇಲಿದ್ದ ನನ್ನ ಮುಖ ನೋಡಿ, "ಯಾಕ್ ಭಾವ, ಉಷಾರಿಲ್ವಾ?" ಅಂದ. ಮಾರನೆಯ ದಿನ ಪಕ್ಕದ ಮನೆಯವರು ಅದನ್ನೇ ಕೇಳಿದರು. ಆಮೇಲೆ ಹಾಲು ಹಾಕುವವರು, ಆಮೇಲೆ ಬಾಗಿಲಲ್ಲೇ ನಿಂತು ನಮ್ಮ ಹೆಡ್‌ಮಾಸ್ಟರು. ಇಷ್ಟು ಜನ ಕೇಳಿದ ಮೇಲೆ ನನಗೂ ಸುಸ್ತು ಅನ್ನಿಸತೊಡಗಿತು. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ. ಬಿ.ಪಿ. ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ನಿಮಗೇನೂ ಆಗಿಲ್ಲ" ಎಂದು ಕಳಿಸಿದರು.

ಜೇಬಿನಲ್ಲಿದ್ದ ಚೀಟಿ ಹೆಂಡತಿಗೆ ಸಿಕ್ಕಿತು. ಪೂರ್ತಿ ಓದಿ, "ನಿಮ್ಮನ್ಯಾಕೆ ತೋರಿಸ್ಕೊಂಡ್ ಬಂದ್ರಿ? ಗೋಡೆನ ತೋರಿಸ್ಬೇಕಿತ್ತು" ಅಂದಳು.

ಮುಂದಿನ ಭಾನುವಾರ ಪೇಂಟರ್ ಮತ್ತೆ ಬಂದ. ಯಾವ ಬಣ್ಣ ಎಂದು ನನ್ನನ್ನು ಕೇಳಲೇ ಇಲ್ಲ. ನಾನೂ ಏಣಿ ಹಿಡಿದುಕೊಂಡು ನಿಂತೆ.

ಈಗ ಬಂದವರೆಲ್ಲ "ಹಾಲು ಬಲು ಲಕ್ಷಣವಾಗಿದೆ, ಡ್ರಾಯಿಂಗ್ ಮೇಷ್ಟ್ರ ಮನೆ ಅಂದ್ರೆ ಸುಮ್ನೇನಾ!" ಅನ್ನುತ್ತಾರೆ. ನಾನು ವಿನಯದಿಂದ ತಲೆ ಆಡಿಸುತ್ತೇನೆ. ಹೆಂಡತಿ ಒಳಗಿಂದ ಕಾಫಿ ತರುವಷ್ಟರಲ್ಲಿ ಮಾತು ಬದಲಿಸಿರುತ್ತೇನೆ.